ಟಿಟೀನ್, ಹೆಂಡತಿ

ಆ ಅರ್ಜಿ ತುಂಬಿದ್ದು ನನ್ನ ಇದೇ ಕೈ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದ ಬರೆದ ಕೈ. ‘ಓಡಿಲ್, ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ’ ಎಂದು ಪಾದ್ರಿಗಳೇ ಹೊಗಳುತ್ತಿದ್ದರು. ಆ ಮುತ್ತಿಗಿಷ್ಟು ಬೆಂಕಿ ಬೀಳಲಿ.

ನಮ್ಮ ಸೇಂಟ್ ಲೂಸಿಯಾ ದ್ವೀಪದಲ್ಲಿ ಮನುಷ್ಯನಿಗೆ ಎರಡು ಹೆಸರು. ಚರ್ಚಿನ ಪುಸ್ತಕದ್ದೊಂದು, ಬಾಯಲ್ಲಿ ಓಡಾಡುವುದೊಂದು. ಪುಸ್ತಕದ ಹೆಸರು ಹೊರಬರುವುದು ಸತ್ತ ದಿನ, ರೇಡಿಯೋದಲ್ಲಿ: ‘ಇಂಥವರು ತೀರಿಕೊಂಡರು, ಊರಿಗೆ ಇಂಥ ಹೆಸರಿನಿಂದ ಪರಿಚಿತರು.’ ಆಗ ನಾವು ಮೂಗಿನ ಮೇಲೆ ಬೆರಳಿಡುತ್ತೇವೆ.

ಟಿಟೀನ್ ನನ್ನ ಪಕ್ಕದ ಮನೆಯವಳು. ಗಿಡ್ಡ ದೇಹ, ಉದ್ದ ನಾಲಗೆ. ಬೆಳಿಗ್ಗೆ ದೋಣಿಗಳು ಬರುವಲ್ಲಿ ಕರಿದ ರೊಟ್ಟಿ, ಉಪ್ಪುಮೀನು ಮಾರುತ್ತಿದ್ದಳು. ದೋಣಿ ಕಟ್ಟುವ ಎವಾರಿಸ್ಟನ ಜೊತೆ ಮೂವತ್ತೆರಡು ವರ್ಷ ಬಾಳಿದಳು, ಉಂಗುರವಿಲ್ಲದೆ. ಅವನು ಹರೆಯದಲ್ಲಿ ಸೆಲೆಸ್ಟೀನ್ ಎಂಬವಳನ್ನು ಚರ್ಚಿನಲ್ಲಿ ಮದುವೆಯಾಗಿದ್ದ. ಅವಳು ಎರಡೇ ವರ್ಷಕ್ಕೆ ಪಕ್ಕದ ದ್ವೀಪ ಮಾರ್ಟಿನಿಕ್‌ಗೆ ಹೋದವಳು ತಿರುಗಿ ನೋಡಲಿಲ್ಲ. ವಿಚ್ಛೇದನವೆಲ್ಲ ವಕೀಲರಿಗೆ ಸುರಿಯಲು ದುಡ್ಡಿದ್ದವರ ಬಾಬತ್ತು.

ಅವರ ಮರದ ಮನೆ ನಿಂತಿದ್ದ ನೆಲ ಬೇರೆಯವರದು. ಮಾರುವಾಗ ಮೊದಲು ನಿನಗೇ ಎಂದು ನೆಲದ ಒಡೆಯರು ಮಾತು ಕೊಟ್ಟಿದ್ದರು. ಅದಕ್ಕೆಂದೇ ಎವಾರಿಸ್ಟ್ ಸಹಕಾರ ಸಂಘದಲ್ಲಿ ಕೂಡಿಡುತ್ತಿದ್ದ. ಎದೆನೋವು ಶುರುವಾದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ನಾಮಿನಿ ಅರ್ಜಿ ಹಿಡಿದು ನನ್ನ ಜಗಲಿಗೆ ಬಂದರು.

“ಓಡಿಲಕ್ಕಾ, ನಾನು ಗೊಟಕ್ ಅಂದ್ರೆ ದುಡ್ಡೆಲ್ಲ ಇವಳಿಗೇ ಸೇರ್ಬೇಕು. ಹಂಗೆ ಬರಿ.”

“ಹೆಸರು?”

“ಟಿಟೀನ್. ಇನ್ನೇನು, ಮಹಾರಾಣಿ ಅಂತ ಬರೀತೀಯಾ?”

“ಬರೀಲಿ ಬಿಡು, ನಿಂಗ್ಯಾಕೆ ಹೊಟ್ಟೆಯುರಿ?” ಎಂದಳು ಟಿಟೀನ್.

‘ಸಂಬಂಧ’ ಎಂಬಲ್ಲಿಗೆ ಬಂದಾಗ ನನ್ನ ಪೆನ್ನು ನಿಂತಿತು. “ಸ್ನೇಹಿತೆ ಅಂತ ಹಾಕ್ಲಾ?”

ಎವಾರಿಸ್ಟನಿಗೆ ರೇಗಿತು. “ಸ್ನೇಹಿತೆಯಂತೆ! ಮೂವತ್ತೊಂದು ವರ್ಷ ನನ್ನ ಬಟ್ಟೆ ಒಗ್ದೋಳು ಸ್ನೇಹಿತೆನಾ? ಹೆಂಡ್ತಿ ಅಂತ ಬರಿ, ಹೆಂಡ್ತಿ!”

ಬರೆದೆ. ಓದು ಬಾರದ ಟಿಟೀನ್ ಆ ಪದವನ್ನು ಬೆರಳಿನಿಂದ ಮುಟ್ಟಿ, “ಇದೇನಾ?” ಎಂದು ಕೇಳಿದಳು. ಹೌದೆಂದೆ.

ಮರುವರ್ಷ ಎವಾರಿಸ್ಟ್ ಅರ್ಧ ಕಟ್ಟಿದ ದೋಣಿಯ ಪಕ್ಕದಲ್ಲೇ ಕುಸಿದು ಸತ್ತ. ಸಂಘದ ಕಚೇರಿಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ಗುರುತಿನ ಚೀಟಿ ನೋಡಿದಳು.

“ಇದ್ರಲ್ಲಿ ಯುಫೇಮಿ ಅಂತಿದೆಯಲ್ಲಮ್ಮಾ?”

ಇಷ್ಟು ವರ್ಷ ಒಂದೇ ಬೇಲಿ ಹಂಚಿಕೊಂಡ ನಾನು ಆ ಹೆಸರನ್ನು ಅಂದೇ ಕೇಳಿದ್ದು.

“ಟಿಟೀನ್ ಅಂದ್ರೆ ಇವಳೇ ಕಣಮ್ಮಾ. ಪುಟ್ಟಗಿದ್ಲು ಅಂತ ಹಂಗೆ ಕರೆದ್ರು. ಬೇಕಾದ್ರೆ ಊರನ್ನೇ ಕೇಳು.”

“ಊರು ಬೇರೆ, ಕಾಗದ ಬೇರೆ. ಇಲ್ಲಿ ‘ಟಿಟೀನ್, ಹೆಂಡತಿ’ ಅಂತಿದೆ. ಅವ್ರ ಹೆಂಡತಿ ರೇಡಿಯೋ ಸುದ್ದಿ ಕೇಳಿ ಹೋದ ವಾರಾನೇ ಮಾರ್ಟಿನಿಕ್‌ನಿಂದ ಮದುವೆ ಪತ್ರ ತಗೊಂಡು ಬಂದಿದ್ರು. ಸೆಲೆಸ್ಟೀನ್ ಅಂತ. ಅವ್ರನ್ನೂ ಮನೇಲಿ ಟಿಟೀನ್ ಅಂತಾನೇ ಕರೀತಿದ್ರಂತೆ.”

ಅದು ಸುಳ್ಳೇನಲ್ಲ. ನಮ್ಮಲ್ಲಿ ಸೆಲೆಸ್ಟೀನ್‌ಗಳೆಲ್ಲ ಟಿಟೀನ್‌ಗಳೇ. ಸ್ನೇಹಿತೆ ಎಂದು ಬರೆದಿದ್ದರೆ ಇವಳು ಗೆಲ್ಲುತ್ತಿದ್ದಳು. ಮರ್ಯಾದೆಗೆಂದು ಬರೆದ ಪದವೇ ಇವಳ ಕುತ್ತಿಗೆ ಕೊಯ್ದಿತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಬರೆದದ್ದು ಹೋಗುವುದೇ ಇಲ್ಲ.

ಕೊಳ್ಳಲು ದುಡ್ಡಿಲ್ಲದೆ ನೆಲ ಬೇರೊಬ್ಬರ ಪಾಲಾಯಿತು. ಮನೆಯನ್ನು ಹಲಗೆ ಹಲಗೆಯಾಗಿ ಬಿಚ್ಚಿ ಮಾರಬೇಕಾಯಿತು. ಟಿಟೀನ್ ಈಗ ಗುಡ್ಡದ ಮೇಲೆ, ಅಕ್ಕನ ಮಗಳ ಹಿಂದಿನ ಕೋಣೆಯಲ್ಲಿದ್ದಾಳೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆ ಉದ್ದ ನಾಲಗೆಯಲ್ಲಿ ನಾಲ್ಕು ಬೈದಿದ್ದರೆ ನಾನು ನಿದ್ದೆಯಾದರೂ ಮಾಡುತ್ತಿದ್ದೆ.

ಮೊನ್ನೆ ಸಂತೆಯಲ್ಲಿ ಕಂಡಳು. “ಟಿಟೀನ್!” ಎಂದು ಕೂಗಿದೆ. ತಿರುಗಲಿಲ್ಲ. ಓಡಿ ಹೋಗಿ ಕೈ ಹಿಡಿದೆ.

“ಅದು ಅವಳ ಹೆಸ್ರು, ಓಡಿಲಕ್ಕಾ. ದುಡ್ಡಿನ ಜೊತೆ ಅದನ್ನೂ ತಗೊಂಡ್ಲು. ನಾನು ಸತ್ತಾಗ ರೇಡಿಯೋಗೆ ನೀನೇ ಬರ್ದು ಕೊಡ್ತೀಯಲ್ಲ? ಯುಫೇಮಿ ಅಂತ ಅಷ್ಟೇ ಬರಿ.”

“ಹಂಗಂದ್ರೆ ಯಾರು ಅಂತ ಒಬ್ರಿಗೂ ಗೊತ್ತಾಗಲ್ವೇ! ಮಣ್ಣಿಗೂ ಯಾರೂ ಬರಲ್ಲ.”

“ಗೊತ್ತು,” ಎಂದು ಕೈ ಬಿಡಿಸಿಕೊಂಡಳು.