ಅರವತ್ತೆರಡು ಚೊಂಬು ನೀರು

ಆ ಗುರುವಾರ ಡೈರಿಯಲ್ಲಿ ಬರೆದದ್ದು ಇಷ್ಟು: ಕಟ್ಟಿದ ಮುದ್ದೆ ಮೂರು, ಸುಟ್ಟ ಕೈ ಒಂದು, ಪರಕ್ಕೆ ಉಳಿದ ದಿನ ಹತ್ತು.

ಪರ ಎಂದರೆ ನಮ್ಮಲ್ಲಿ ದೇವರ ಹೆಸರಿನಲ್ಲಿ ನೆಂಟರಿಗೆಲ್ಲ ಹಾಕುವ ಊಟ. ಕುಣಿಗಲ್‌ನ ಸೋದರಮಾವನ ಮನೆಯಲ್ಲಿ ನಡೆಯುವ ಪರಕ್ಕೆ ಪ್ರತಿ ಸಲ ಮುದ್ದೆ ಕಟ್ಟುವವಳು ಅಮ್ಮ. ಈ ಸಲ ಅವಳ ಭುಜ ಹಿಡಿದುಕೊಂಡಿತ್ತು. ನಾನೇ ಕಟ್ಟುತ್ತೇನೆ ಎಂದಾಗ ಮಾವ ಫೋನಿನಲ್ಲೇ ನಕ್ಕರು.

"ಡೈರಿ ಬರೆಯೋ ಕೈಲಿ ಮುದ್ದೆನಾ? ಯಾವುದಕ್ಕೂ ಇನ್ನೊಬ್ರಿಗೆ ಹೇಳಿಟ್ಟಿರ್ತೀನಿ ಬುಡು."

ಆ ಮಾತು ಸುಳ್ಳಾಗಬೇಕಿತ್ತು. ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ದಿನಾ ಸಂಜೆ ಅಭ್ಯಾಸಕ್ಕೆ ಕೂತೆ. ಗುರುವಾರ ಕೋಲಿನಿಂದ ಹಿಟ್ಟು ತಿರುವುವಾಗ ಪಾತ್ರೆ ಜಾರಿತು. ಒಂದು ಉಂಡೆ ಸಿಡಿದು ಬಲಗೈ ಹೆಬ್ಬೆರಳ ಬುಡಕ್ಕೆ ಬಿತ್ತು. ಬೇಯುತ್ತಿರುವ ರಾಗಿ ಹಿಟ್ಟು ಜಾರಿ ಹೋಗುವುದಿಲ್ಲ. ಅಂಟಿಕೊಂಡೇ ಸುಡುತ್ತದೆ.

ಗುಬ್ಬಿಯಿಂದ ಬಂದಿದ್ದ ದೊಡ್ಡಮ್ಮ, ಅಮ್ಮನ ಅಕ್ಕ, ಎಣ್ಣೆ ಬಾಟಲಿ ಹಿಡಿದು ಓಡಿ ಬಂದಳು. ತಮ್ಮ ತೋಟದ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿಸಿ ತಂದ ಎಣ್ಣೆ. ಅವಳಿಗೆ ತಲೆನೋವಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ.

"ಎಣ್ಣೆ ಬೇಡ ದೊಡ್ಡಮ್ಮ. ನೀರು."

"ನಮ್ ತೋಟದ್ದು ಕಣೇ! ಬೇಡ ಅಂತೀಯಾ?"

ಶಾಲೆಗೆ ಹೋಗುತ್ತಿದ್ದಾಗ ಮೊಣಕೈ ಸುಟ್ಟುಕೊಂಡು ಟೂತ್‌ಪೇಸ್ಟ್ ಮೆತ್ತಿಸಿಕೊಂಡವಳು ನಾನು. ಅದನ್ನು ತೊಳೆದು ತೆಗೆದ ನರ್ಸಮ್ಮ ಹೇಳಿದ್ದನ್ನು ಅಂದೇ ಬರೆದಿಟ್ಟಿದ್ದೆ: ಮೊದಲು ತಣ್ಣೀರು, ಇಪ್ಪತ್ತು ನಿಮಿಷ, ಏನೂ ಹಚ್ಚಬಾರದು, ಬೊಬ್ಬೆ ಒಡೆಯಬಾರದು. ಮೊಣಕೈ ಕಲೆ ಇನ್ನೂ ಇದೆ.

ಉಂಗುರ ಬಿಚ್ಚಿ ನಲ್ಲಿ ತಿರುಗಿಸಿದೆ. ಬುಸ್ ಎಂದಿತು, ಅಷ್ಟೇ. ನೀರು ಬಂದು ಮೂರು ದಿನವಾಗಿತ್ತು. ಮನೆಯಲ್ಲಿ ಇದ್ದದ್ದು ಒಂದೇ ಡ್ರಮ್ಮು.

"ಇಪ್ಪತ್ ನಿಮಿಷ ಹುಯ್ದ್ರೆ ನಾಳೆ ಮುಖ ಯಾವುದ್ರಲ್ಲಿ ತೊಳ್ಕೋತೀಯಾ?"

"ಕೆಳಗೆ ಟಬ್ ಇಡು. ಪಾತ್ರೆಗಾಗುತ್ತೆ. ಸಣ್ಣಗೆ ಹುಯ್ಯಿ, ನಿಮಿಷಕ್ಕೆ ಮೂರು ಚೊಂಬು."

"ಇದಕ್ಕೂ ಲೆಕ್ಕನಾ ನಿಂದು!" ಎಂದು ಬೈಯುತ್ತಲೇ ಹುಯ್ದಳು. ಉರಿಯಿಂದ ನನ್ನ ಎಣಿಕೆ ಹದಿನೇಳಕ್ಕೆ ತಪ್ಪಿತು. ಅಲ್ಲಿಂದ ಎಣಿಸಿದ್ದು ದೊಡ್ಡಮ್ಮನೇ. ಅರವತ್ತಕ್ಕೆ ಸಾಕು ಎಂದರೂ, "ಶುರುನಲ್ಲಿ ನಾಲ್ಕು ಅರ್ಧರ್ಧ ಇದ್ವು" ಎಂದು ಇನ್ನೆರಡು ಸುರಿದಳು. ಅಷ್ಟರಲ್ಲಿ ಉರಿ ಬಹಳ ಇಳಿದಿತ್ತು. ಮೆಡಿಕಲ್ ಶಾಪಿನ ಗಾಜ್ ಬಟ್ಟೆಯನ್ನು ಸಡಿಲವಾಗಿ ಸುತ್ತಿಕೊಂಡೆ.

ಶುಕ್ರವಾರ ಕಡಲೆಕಾಳಿನಷ್ಟು ಬೊಬ್ಬೆ. ಶನಿವಾರ ದೊಡ್ಡಮ್ಮ ಸೂಜಿ ಹುಡುಕಿದಳು. ಸೂಜಿ ಡಬ್ಬಿಯನ್ನು ನಾನು ಮೊದಲೇ ಬಚ್ಚಿಟ್ಟಿದ್ದೆ. ಸೋಮವಾರ ಬೊಬ್ಬೆ ತಾನಾಗಿ ಬತ್ತತೊಡಗಿತು. ಮರುವಾರದ ಗುರುವಾರಕ್ಕೆ ಹೊಸ ಚರ್ಮ, ಎಳೆ ಗುಲಾಬಿ ಬಣ್ಣ. ಶನಿವಾರ ಬಿಸಿ ಮುದ್ದೆ ಕಟ್ಟಿ ನೋಡಿದೆ. ನೋಯಲಿಲ್ಲ!

ಭಾನುವಾರ ಕುಣಿಗಲ್‌ನಲ್ಲಿ ಒಲೆಯ ಮುಂದೆ ನಾನು ಮೂವತ್ತೆಂಟನೆಯ ಮುದ್ದೆ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂಗು ಕೇಳಿಸಿತು. ಸಾರಿನ ಹಂಡೆಯ ಮುಚ್ಚಳ ತೆಗೆದ ಮಾವನ ಬೆರಳಿಗೆ ಆವಿ ಹೊಡೆದಿತ್ತು. ಯಾರೋ ಎಣ್ಣೆ ತರಲು ಓಡಿದರು.

"ಎಣ್ಣೆ ಗಿಣ್ಣೆ ಮುಟ್ಟಿದ್ರೆ ನೋಡಿ!" ದೊಡ್ಡಮ್ಮ ಗುಡುಗಿದಳು. "ಉಂಗುರ ಬಿಚ್ಚೋ. ಕೂತ್ಕೊ ಇಲ್ಲಿ. ಇಪ್ಪತ್ ನಿಮಿಷ ಅಲ್ಲಾಡಂಗಿಲ್ಲ."

ಚೊಂಬು ಹಿಡಿದು ತಮ್ಮನ ಕೈಗೆ ಸಣ್ಣಗೆ ನೀರು ಬಿಡುತ್ತಾ ಗಟ್ಟಿಯಾಗಿ ಎಣಿಸತೊಡಗಿದಳು. ನಡುನಡುವೆ, "ಇನ್ನೊಬ್ರಿಗೆ ಹೇಳಿದ್ಯಲ್ಲಪ್ಪ, ಎಲ್ಲವ್ರೆ ಅವ್ರು?" ಎಂದು ಚುಚ್ಚುತ್ತಿದ್ದಳು. ಮಾವ ಅಷ್ಟು ಹೊತ್ತೂ ಅಲ್ಲೇ ಕೂತು ನಾನು ಮುದ್ದೆ ಕಟ್ಟುವುದನ್ನು ನೋಡಲೇಬೇಕಾಯಿತು.

ಆ ದಿನದ ಲೆಕ್ಕ: ಮುದ್ದೆ ತೊಂಬತ್ತೊಂದು. ಬಿರುಕು ಬಿಟ್ಟದ್ದು ಎರಡು. ಎರಡನ್ನೂ ಮಾವನ ಎಲೆಗೇ ಹಾಕಿದೆ. ಸಾರಿಗೆ ಅದ್ದಿ ನುಂಗಿದರು.