ಅತ್ತೆಯ ಸಾಕ್ಷಿ ಕೆಡಿಸಿದ ಮೊಟ್ಟೆ

ಕ್ರಿಸ್‌ಮಸ್ ಆದ ಮರುದಿನ ಬೆಳಗ್ಗೆ ನಮ್ಮ ಅತ್ತೆ ಚರ್ಚಿಗೆ ಉಡುವ ಸೀರೆ ಉಟ್ಟು, ತಲೆ ಬಾಚಿ, ಕನ್ನಡಕ ಒರೆಸಿಕೊಂಡು ಎದುರು ಮನೆಯ ಬೆಲ್ ಒತ್ತಲು ಹೊರಟರು. ಏನು ಕೆಲಸ? ಮೊಟ್ಟೆ ತಿನ್ನಿಸಿದ್ದಕ್ಕೆ ಕ್ಷಮೆ ಕೇಳುವುದು.

ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ನನ್ನ ಗಂಡ ನನ್ನ ಹಿಂದೆ ನಿಂತಿದ್ದರು. ಮಗಳು ಸೋಫಾದಿಂದ ಏಳದೆಯೇ ‘ಆಜಿ, ಜಾನೇ ದೋ ನಾ’, ಅಂದರೆ ಹೋಗಲಿ ಬಿಡಿ ಅಜ್ಜಿ, ಎಂದಳು. (ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ನಾವಿರುವ ಮುಂಬಯಿ ಪಕ್ಕದ ಈ ಡೊಂಬಿವಲಿಯ ಭಾಷೆಯಲ್ಲಿ.)

ಎಪ್ಪತ್ತು ದಾಟಿದ ಹೆಂಗಸನ್ನು ಒಂದು ಮೊಟ್ಟೆಯ ಸಲುವಾಗಿ ಮನೆಮಂದಿಯೆಲ್ಲ ಸೇರಿ ತಡೆಯುವುದೆಂದರೆ ಏನು? ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ಬಿಲ್ಡಿಂಗಿನಲ್ಲಿ ಕ್ರೈಸ್ತರದ್ದು ಅಂತ ಇರುವುದು ನಮ್ಮದೊಂದೇ ಮನೆ. ಅತ್ತೆ ಮಂಗಳೂರು ಕಡೆಯ ಪ್ರಾಟೆಸ್ಟೆಂಟರು. ಹೆಸರು ಸುಗುಣಾಬಾಯಿ. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಶಬ್ದ ‘ಸಾಕ್ಷಿ’. ಕೋರ್ಟಿನ ಸಾಕ್ಷಿಯಲ್ಲ. ಕ್ರೈಸ್ತರು ಬದುಕುವ ರೀತಿ ನೋಡಿ ಉಳಿದವರಿಗೂ ಹಾಗೆ ಬದುಕಬೇಕು ಅನ್ನಿಸಬೇಕು, ನಮ್ಮ ಸಭೆಗಳಲ್ಲಿ ಅದಕ್ಕೆ ಸಾಕ್ಷಿ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ, ಅಲ್ಲವೇ? ಅಂಥವರ ಜೊತೆ ಒಂದೇ ಮನೆಯಲ್ಲಿ ಇದ್ದು ನೋಡಿ.

ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದಾಗ ಇಡೀ ಸೊಸೈಟಿ ಬಕೆಟ್ ಹಿಡಿದು ಕಿತ್ತಾಡುತ್ತದೆ. ನಾವು ಸಾಲಿನ ಕೊನೆಯಲ್ಲಿ ನಗುನಗುತ್ತಾ ನಿಲ್ಲಬೇಕು. ಸಾಕ್ಷಿ! ಮೇಲಿನ ಮನೆಯವರು ಹಿಟ್ಟಿನ ಚೀಲ ಕೊಡವಿ ನಮ್ಮ ಒಣಗಿದ ಬಟ್ಟೆಯೆಲ್ಲ ಬೆಳ್ಳಗೆ ಮಾಡಿದರೂ ದನಿ ಎತ್ತಬಾರದು. ಸಾಕ್ಷಿ! ನಾನು ಕೆಲಸಕ್ಕೆ ಹೋಗುವುದು ರಬಾಳೆಗೆ. ಥಾಣೆಯಲ್ಲಿ ಲೋಕಲ್ ಗಾಡಿ ಬದಲಿಸಬೇಕು. ಒಮ್ಮೆ ಲೇಡೀಸ್ ಡಬ್ಬಿಯಲ್ಲಿ ಫೋರ್ತ್ ಸೀಟಿಗಾಗಿ, ಅಂದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಒತ್ತರಿಸಿ ಕೂರುವ ಜಾಗಕ್ಕಾಗಿ, ಒಬ್ಬಳ ಜೊತೆ ಜೋರು ಜಗಳವಾಡಿ, ಗೆದ್ದು, ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡೆ. ಅತ್ತೆ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು:

‘ನಿನ್ನ ಕುತ್ತಿಗೆಯ ಶಿಲುಬೆ ಸರ ಹೊರಗೆ ಕಾಣ್ತಾ ಇತ್ತಾ?’

ಇಂಥ ಅತ್ತೆಗೆ ಡೊಂಬಿವಲಿಯಲ್ಲಿ ಇರುವ ಒಬ್ಬಳೇ ಗೆಳತಿ ಎದುರು ಮನೆಯ ಶಾರದಕ್ಕ. ಉಡುಪಿಯವರು, ಶುದ್ಧ ಸಸ್ಯಾಹಾರಿ ಬ್ರಾಹ್ಮಣರು. ಅವರ ಯಜಮಾನರು ಅಂಬರನಾಥದಲ್ಲಿ ಹೋಟೆಲ್ ನಡೆಸಿ ಈಗ ಮನೆಯಲ್ಲಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಗೆಳತಿಯರಿಬ್ಬರೂ ಕೆಳಗಿನ ಬೆಂಚಿನ ಮೇಲೆ ಕೂತರೆ ಸಂಜೆಯ ಚಹಾಕ್ಕೇ ಏಳುವುದು. ಮೊಣಕಾಲಿನ ಡಾಕ್ಟರ ಹತ್ತಿರ ಹೋಗುವುದು ಒಟ್ಟಿಗೆ. ಮಾತು ತುಳುವಿನಲ್ಲಿ. ಪಕ್ಕದಲ್ಲಿ ನಾನಿದ್ದರೆ ನನ್ನ ಮೇಲಿನ ಕರುಣೆಯಿಂದ ಕನ್ನಡಕ್ಕೆ ಬರುತ್ತಾರೆ. (ನಾನು ಗದಗಿನಿಂದ ಬಂದ ಸೊಸೆ. ನನಗೆ ತುಳು ಇನ್ನೂ ಹತ್ತಿಲ್ಲ.) ಮಾವ ತೀರಿಕೊಂಡ ವರ್ಷ ಅತ್ತೆ ಮಾತೇ ಬಿಟ್ಟಿದ್ದರು. ಅವರನ್ನು ಕೈಹಿಡಿದು ಕೆಳಗಿಳಿಸಿ ಆ ಬೆಂಚಿನ ಮೇಲೆ ಕೂರಿಸಿದ್ದು ಶಾರದಕ್ಕನೇ.

ಈಗ ಕುಸ್ವಾರಿನ ವಿಷಯ. ಕರಾವಳಿಯ ಕ್ರೈಸ್ತರ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಮಾಡುವ ಬಗೆಬಗೆಯ ಕರಿದ ತಿಂಡಿಗೆ ಕುಸ್ವಾರು ಅನ್ನುತ್ತಾರೆ. ತಟ್ಟೆಯಲ್ಲಿ ಜೋಡಿಸಿ, ಕ್ರೋಶಾ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಹಂಚುವುದು ಪದ್ಧತಿ. ಅದರಲ್ಲಿ ಗುಲಾಬಿ ಅಚ್ಚಿನ ಹೂವಿಗೂ ಸುರುಳಿ ಕಿಡಿಯೊಗೂ ಮೊಟ್ಟೆ ಬೀಳುತ್ತದೆ. ಹಾಗಾಗಿ ಶಾರದಕ್ಕನಿಗೆಂದೇ ಅತ್ತೆ ಪ್ರತಿವರ್ಷ ಬೇರೆ ಹಿಟ್ಟು ಕಲಸುತ್ತಾರೆ. ಬೇರೆ ಬಾಣಲೆ, ಹೊಸ ಎಣ್ಣೆ, ಬೇರೆ ಅಚ್ಚು. ಆ ದಿನ ತಲೆಗೆ ಸ್ನಾನ ಬೇರೆ. (ಯಾರೂ ಕೇಳಿಲ್ಲ. ಆದರೂ.) ಆ ತಟ್ಟೆಗೆ ಮಾತ್ರ ಬಿಳಿ ಬಟ್ಟೆ, ಉಳಿದವಕ್ಕೆಲ್ಲ ಹೂವಿನ ಬಟ್ಟೆ. ಗುರುತು ಅಷ್ಟೇ. ಕೇಕಿನ ಹಂಚಿಕೆ ಬೇರೆ ದಿನ, ಅದು ಆ ಮನೆಗೆ ಹೋಗುವುದೇ ಇಲ್ಲ.

ಈ ವ್ಯವಸ್ಥೆ ವರ್ಷಾನುಗಟ್ಟಲೆ ನಡೆದುಕೊಂಡು ಬಂತು. ಈ ಸಲ ಅದರೊಳಗೆ ನನ್ನ ಗಂಡ ಕೈ ಹಾಕಿದರು.

ಕ್ರಿಸ್‌ಮಸ್ ದಿನ ಅತ್ತೆ ಒಳಗೆ ಸೀರೆ ಉಡುತ್ತಿದ್ದರು. ಇವರು ನೋಡುತ್ತಾರೆ, ಬಿಳಿ ಬಟ್ಟೆಯ ಮೇಲೆ ಚಹಾದ ಕಲೆ! ಅದನ್ನು ತೆಗೆದು ಒಗೆಯಲು ಹಾಕಿ, ಕಪಾಟಿನಿಂದ ಹೂವಿನ ಬಟ್ಟೆಯೊಂದನ್ನು ತಂದು ಮುಚ್ಚಿದರು. ಈಗ ಮೇಜಿನ ಮೇಲಿದ್ದ ತಟ್ಟೆಗಳೆಲ್ಲ ಒಂದೇ ಥರ. ಅದರಲ್ಲೊಂದನ್ನು ಎತ್ತಿಕೊಂಡು ಹೋಗಿ ಶಾರದಕ್ಕನಿಗೆ ಕೊಟ್ಟು ಬಂದರು.

ಸಂಜೆ ತಟ್ಟೆ ವಾಪಸ್ ಬಂತು, ಎಂದಿನಂತೆ ಸಕ್ಕರೆ ತುಂಬಿಕೊಂಡು. ಜೊತೆಗೆ ಶಾರದಕ್ಕನ ಮಾತು: ‘ಈ ಸಲದ್ದು ಭಾರೀ ಲಾಯ್ಕ ಆಗಿದೆ ಸುಗುಣಕ್ಕ!’

ಮರುದಿನ ಬೆಳಗ್ಗೆ ಅಯ್ಯನವರಿಗೆ, ಅಂದರೆ ನಮ್ಮ ಪಾಸ್ಟರಿಗೆ, ಉಳಿಸಿದ್ದ ತಟ್ಟೆಯ ಬಟ್ಟೆ ಸರಿಸಿದ ಅತ್ತೆ ಅಲ್ಲೇ ನಿಂತುಬಿಟ್ಟರು. ಮೊಟ್ಟೆ ಇಲ್ಲದ ಹೂವಿನ ಬಣ್ಣ ಸ್ವಲ್ಪ ಬಿಳಿಚು. ಬಿಳಿಚು ಹೂಗಳೆಲ್ಲ ಆ ತಟ್ಟೆಯಲ್ಲಿ ಕೂತಿದ್ದವು.

‘ನಾನೆಂತ ಮಾಡ್ಲಿ ಅಮ್ಮ? ಕಲೆ ಬಿದ್ದ ಬಟ್ಟೆ ಮುಚ್ಚಿ ಕೊಟ್ರೆ ಅವರು ಎಂತ ಹೇಳಿಯಾರು?’ ಎಂದರು ಇವರು. ನೋಡಿ, ಅದೂ ಸಾಕ್ಷಿಗೋಸ್ಕರವೇ ಆದದ್ದು!

ಚರ್ಚೆ ಶುರುವಾಯಿತು. ನಾನು ಹೇಳಿದೆ: ‘ಅತ್ತಿ, ಸುಮ್ನ ಇದ್ದುಬಿಡ್ರಿ. ಅವ್ರು ತಿಂದಾರ, ಛಲೋ ಆಗೇತಿ ಅಂದಾರ, ಮುಗೀತು. ಗೊತ್ತಾದ್ರ ಆ ಜೀವಕ್ಕ ಎಷ್ಟು ಹಿಂಸಾ ಆಗಬ್ಯಾಡ? ಹೇಳಿ ಏನು ಸಾಧಿಸಿದ್ಹಂಗಾತು?’

‘ಅವರಿಗೆ ಹಿಂಸೆ ಆಗ್ತದೆ. ಗೊತ್ತುಂಟು.’

‘ಮತ್ತ ಬಿಲ್ಡಿಂಗ್ ತುಂಬ ಸುದ್ದಿ ಆಗ್ತದ. ಕ್ರಿಶ್ಚಿಯನ್ನರು ಬ್ರಾಹ್ಮಣರಿಗೆ ಮೊಟ್ಟಿ ತಿನಿಸಿದ್ರು ಅಂತ. ನಿಮ್ಮ ಸಾಕ್ಷಿ ಎಲ್ಲಿ ಉಳೀತು?’

ನನ್ನ ಈ ಬಾಣ ನಾಟುತ್ತದೆ ಅಂದುಕೊಂಡಿದ್ದೆ. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಹೇಳಿದರು: ‘ಸಾಕ್ಷಿ ಹೋಗ್ತದೆ ಮಾರಾಯ್ತಿ. ಹೋದರೆ ಹೋಗ್ಲಿ. ನಾಳೆಯಿಂದ ಆ ಬೆಂಚಿನ ಮೇಲೆ ಕೂತು ಅವರ ಮುಖ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಅದಕ್ಕೆ ಹೇಳುದು.’

ನಾನು ಬಾಗಿಲು ಬಿಟ್ಟು ಸರಿದೆ. ಇಷ್ಟು ವರ್ಷ ಅವರ ಸಾಕ್ಷಿ ಎಂದರೆ ನಾಲ್ಕು ಜನರ ಕಣ್ಣಿಗೆ ಒಳ್ಳೆಯವರಾಗಿ ಕಾಣುವ ಚಟ ಎಂದೇ ನಾನು ತಿಳಿದಿದ್ದೆ. ಈಗ ಅವರು ಕೆಟ್ಟವರಾಗಿ ಕಾಣಲು ಹೊರಟಿದ್ದರು, ಅದೂ ಇರುವ ಒಬ್ಬಳೇ ಗೆಳತಿಯ ಕಣ್ಣಿಗೆ. ನನಗೆ ಅವರ ಮೇಲೆ ಒಮ್ಮೆಲೇ ಬಹಳ ಪ್ರೀತಿ ಬಂತು. ಸಿಟ್ಟೂ ಇತ್ತು. ನಾನೂ ಜೊತೆಗೆ ಹೋದೆ.

ಶಾರದಕ್ಕ ನಗುತ್ತಲೇ ಬಾಗಿಲು ತೆರೆದರು. ಅತ್ತೆ ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಹೇಳಿದರು. ‘ಶಾರದಕ್ಕ, ತಟ್ಟೆ ಅದಲುಬದಲು ಆಗಿದೆ. ನಿಮಗೆ ಬಂದದ್ದರಲ್ಲಿ ಮೊಟ್ಟೆ ಇತ್ತು. ಬೇಕೂಂತ ಮಾಡಿದ್ದಲ್ಲ. ಆದರೂ ತಪ್ಪು ನಮ್ಮದೇ. ನನ್ನನ್ನು ಕ್ಷಮಿಸಬೇಕು.’

ಮಗ ಮಾಡಿದ್ದು, ಬಟ್ಟೆಯಿಂದ ಆದದ್ದು, ಒಂದೂ ಹೇಳಲಿಲ್ಲ.

ಶಾರದಕ್ಕನ ನಗು ಇಳಿದುಹೋಯಿತು. ಮುಖ ಕೆಂಪಾಯಿತು. ‘ಆಯ್ತು ಸುಗುಣಕ್ಕ, ನೀವು ಹೋಗಿ’ ಎಂದು ಬಾಗಿಲು ಹಾಕಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ ವನವಾಸ. ಮಧ್ಯಾಹ್ನ ಅತ್ತೆ ಬೆಂಚಿಗೆ ಹೋಗಿ ಕೂತರು. ಶಾರದಕ್ಕ ಬರಲಿಲ್ಲ. ಮರುದಿನವೂ ಇಲ್ಲ. ಹೊಸ ವರ್ಷಕ್ಕೆ ಶುಭಾಶಯ ಹೇಳಲೂ ಬರಲಿಲ್ಲ. ಅತ್ತೆ ಬೆಂಚಿಗೆ ಹೋಗುವುದನ್ನೇ ಬಿಟ್ಟರು. ಬಾಲ್ಕನಿಯಲ್ಲಿ ಕೂತು ತೊಡೆಯ ಮೇಲಿನ ಬೈಬಲ್ಲಿನ ಒಂದೇ ಪುಟವನ್ನು ಮಧ್ಯಾಹ್ನವಿಡೀ ನೋಡುತ್ತಿದ್ದರು. ಮೊಣಕಾಲಿನ ಡಾಕ್ಟರ ಹತ್ತಿರ ನಾನು ರಜೆ ಹಾಕಿ ಕರೆದುಕೊಂಡು ಹೋದೆ. ಆಟೋದಲ್ಲಿ ಅವರು ಎರಡು ಸಲ ಪಕ್ಕಕ್ಕೆ ತಿರುಗಿ ತುಳುವಿನಲ್ಲಿ ಮಾತು ಶುರುಮಾಡಿ, ನನ್ನನ್ನು ನೋಡಿ ನಿಲ್ಲಿಸಿದರು. ನನಗೆ ಅಳು ಬಂತು.

ವಿಚಿತ್ರವೆಂದರೆ ಬಿಲ್ಡಿಂಗಿನಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಮುಖ ತಿರುಗಿಸುತ್ತಾರೋ ಎಂದು ನಾನು ದಿನಾ ಕಾಯುತ್ತಿದ್ದೆ. ಎಲ್ಲರೂ ಎಂದಿನಂತೆಯೇ ನೀರು, ಲೋಕಲ್ ಗಾಡಿ ಲೇಟು, ಇಷ್ಟೇ ಮಾತು. ಎಂದರೆ ಶಾರದಕ್ಕ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅಷ್ಟು ಸಿಟ್ಟು ಬಂದವರು ಸುಮ್ಮನಿರುವುದುಂಟೇ?

ಉತ್ತರ ಸಿಕ್ಕಿದ್ದು ಒಂದು ಭಾನುವಾರ. ಥಾಣೆಯ ಕನ್ನಡ ಆರಾಧನೆ ಮುಗಿಸಿ ನಾವು ಮನೆಗೆ ಬಂದಿದ್ದೆವಷ್ಟೆ. ಬೆಲ್ ಆಯಿತು. ಶಾರದಕ್ಕ. ಒಳಗೆ ಬಂದರು. ಕೂರಲಿಲ್ಲ.

‘ಸುಗುಣಕ್ಕ, ನಾನು ಆ ಮೊಟ್ಟೆಯದ್ದು ತಿನ್ನಲಿಲ್ಲ.’

ಅತ್ತೆಯ ಮುಖ ಅರಳಿತು. ‘ದೇವರು ದೊಡ್ಡವನು! ತಿನ್ನಲೇ ಇಲ್ವಾ?’

‘ಈ ಸಲವೂ ಇಲ್ಲ. ಯಾವ ಸಲವೂ ಇಲ್ಲ.’

ಶಾರದಕ್ಕ ನೆಲ ನೋಡುತ್ತಲೇ ಮುಂದುವರಿಸಿದರು. ‘ಮೊದಲು ನಮ್ಮ ಅತ್ತೆ ಇದ್ರು, ಒಳಗೆ ತರ್ಲಿಕ್ಕೆ ಬಿಡ್ತಿರಲಿಲ್ಲ. ಅವರು ಹೋದ ಮೇಲೂ ನನಗೆ ಮನಸ್ಸು ಬರಲಿಲ್ಲ. ನೀವು ಬೇರೆ ಬಾಣಲೆಯಲ್ಲಿ ಮಾಡುದು ಗೊತ್ತುಂಟು. ಆದರೂ. ಎಲ್ಲ ಮಂಗಲಾಬಾಯಿಗೆ ಕೊಡ್ತಿದ್ದೆ. ತಟ್ಟೆ ವಾಪಸ್ ತರುವಾಗ ಲಾಯ್ಕ ಆಗಿದೆ ಅಂತ ಸುಳ್ಳು ಹೇಳ್ತಿದ್ದೆ. ನೀವು ಅವತ್ತು ಬಂದು ಕ್ಷಮೆ ಕೇಳಿದಾಗ ನನಗೆ ನಾಚಿಕೆಯಾಗಿ ಹೋಯ್ತು. ನಾನು ಬಾಗಿಲು ಹಾಕಿದ್ದು ಸಿಟ್ಟಿಗಲ್ಲ ಸುಗುಣಕ್ಕ. ನಿಮ್ಮ ಹಾಗೆ ನಿಂತು ಹೇಳ್ಲಿಕ್ಕೆ ನನಗೆ ಇಷ್ಟು ದಿನ ಹಿಡೀತು.’

ಅತ್ತೆಯ ಮಾದರಿಯನ್ನು ಒಬ್ಬರು ಅನುಸರಿಸಿದ್ದರು! ಇದೇ ಅಲ್ಲವೇ ಅವರು ಇಷ್ಟು ವರ್ಷ ಕಾದದ್ದು? ನಾನು ಸಂಭ್ರಮದಿಂದ ಅತ್ತೆಯ ಮುಖ ನೋಡಿದೆ. ಆ ಮುಖದಲ್ಲಿ ಸಂಭ್ರಮವಿರಲಿಲ್ಲ.

‘ಮಂಗಲಾಬಾಯಿಗಾ?’ ಎಂದರು ಅತ್ತೆ. ಮಂಗಲಾಬಾಯಿ ಎರಡೂ ಮನೆಗಳಲ್ಲಿ ಪಾತ್ರೆ ತೊಳೆಯುವವಳು. ‘ಅವಳು ಕೋಳಿಯನ್ನೇ ತಿನ್ನುವವಳು! ಅವಳಿಗೆ ನಾನು ತಲೆಗೆ ಸ್ನಾನ ಮಾಡಿ, ಬೇರೆ ಎಣ್ಣೆಯಲ್ಲಿ, ಮೊಟ್ಟೆ ಹಾಕದ್ದು ಮಾಡಿಕೊಟ್ಟೆನಾ? ಸೊಂಟ ಬಿದ್ದು ಹೋಗುವಷ್ಟು ಹೊತ್ತು ನಿಂತು?’

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಒಳಗೆ ಡಬ್ಬಿಗಳ ಸದ್ದು. ಶಾರದಕ್ಕ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು, ಹೋಗಲಾರದೆ ನಿಂತರು. ನಮ್ಮತ್ತೆ ಕ್ಷಮೆ ಕೇಳುವುದರಲ್ಲಿ ಫಸ್ಟ್ ಕ್ಲಾಸ್. ಕ್ಷಮಿಸುವ ಪರೀಕ್ಷೆಗೆ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಇಲ್ಲಿ ನೋಡಲು ಬಿಲ್ಡಿಂಗಿನವರೂ ಇಲ್ಲ, ಚರ್ಚಿನವರೂ ಇಲ್ಲ. ಅತ್ತೆ ಇವತ್ತು ಹೊರಗೆ ಬರದಿದ್ದರೆ ಇಬ್ಬರ ಕಥೆ ಮುಗಿದ ಹಾಗೇ.

ಅತ್ತೆ ಬಂದರು. ಕೈಯಲ್ಲಿ ಡಬ್ಬಿ. ಅಯ್ಯನವರಿಗೆ ಕೊಡದೆ ಉಳಿಸಿಕೊಂಡಿದ್ದ ಆ ಬಿಳಿಚು ಹೂಗಳು. ಟೀಪಾಯಿಯ ಮೇಲೆ ಇಟ್ಟರು.

‘ನಿಮ್ಮದು ಇಲ್ಲೇ ಉಂಟು. ತಿನ್ನದಿದ್ದರೂ ನನಗೆ ಬೇಜಾರಿಲ್ಲ’ ಎಂದರು. ಡಬ್ಬಿಯ ಮುಚ್ಚಳ ತೆಗೆಯುತ್ತಾ, ‘ಬೇಜಾರುಂಟು. ಸುಳ್ಳು ಯಾಕೆ? ಆದರೂ ನೀವು ತಿನ್ನಬೇಡಿ. ಸುಮ್ಮನೆ ಕೂತುಕೊಳ್ಳಿ. ಮಧ್ಯಾಹ್ನ ಮಾತಾಡ್ಲಿಕ್ಕೆ ಜನ ಇಲ್ಲದೆ ನನಗೆ ಸಾಕಾಗಿ ಹೋಗಿದೆ’ ಎಂದರು.

ಶಾರದಕ್ಕ ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಯಾರೂ ಹೇಳದೆ, ಡಬ್ಬಿಗೆ ಕೈ ಹಾಕಿ ಒಂದು ಹೂ ತೆಗೆದು, ಅರ್ಧ ಮುರಿದು ಬಾಯಿಗಿಟ್ಟುಕೊಂಡರು. ನಾವೆಲ್ಲ ನೋಡುತ್ತಿದ್ದೆವು. ನಿಧಾನಕ್ಕೆ ಅಗಿದರು. ನುಂಗಿದರು. ನೀರು ಕೇಳಿದರು.

‘ಹೇಗುಂಟು?’ ಎಂದರು ಅತ್ತೆ.

ಶಾರದಕ್ಕ ಅತ್ತೆಯ ಕೈ ಹಿಡಿದುಕೊಂಡರು. ‘ಇನ್ನು ನಿಮ್ಮ ಹತ್ತಿರ ಸುಳ್ಳು ಹೇಳುದಿಲ್ಲ ಸುಗುಣಕ್ಕ. ತುಂಬ ಗಟ್ಟಿ. ಎಣ್ಣೆಯೂ ಜಾಸ್ತಿ ಕುಡಿದಿದೆ.’

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಆ ಕ್ಷಣದ ಅವರ ಮುಖ ನೀವು ನೋಡಬೇಕಿತ್ತು.

ಎಲ್ಲರಿಗೂ ಮಾದರಿಯಾಗಿ ಬದುಕಬೇಕು, ಒಪ್ಪಿದೆ. ಅದನ್ನು ಎದುರು ಮನೆಯವರು ನಿಜವಾಗಿಯೂ ಅನುಸರಿಸಿಬಿಟ್ಟರೆ ತಡೆದುಕೊಳ್ಳಲು ನಾವು ತಯಾರಿದ್ದೇವೆಯೇ?