ಅಳತೆ ತೆಗೆಯದ ಅಂಗಿ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚುಮರೆಯೇನಿಲ್ಲ. ಅಣ್ಣನಿಗೆ ನಾನು, ತಮ್ಮನಿಗೆ ಅವಳು, ಒಂದೇ ಸೂರಿನಡಿ ವಾಸ. ನಾನು ಹಜಾರದಲ್ಲಿ ಹೊಲಿಗೆ ಮಷೀನು ತುಳಿದು ಸೊಂಟ ಮುರಿದುಕೊಂಡರೂ ಕೇಳುವವರಿಲ್ಲ. ಅವಳು ಠಾಣೆಯಿಂದ ಬಂದು ಬೂಟು ಬಿಚ್ಚಿದರೆ ಸಾಕು, ಅತ್ತೆ ನೀರಿನ ಲೋಟ ಹಿಡಿದು ಓಡುತ್ತಾರೆ. ಬೀದಿಯವರಿಗೆ ಅವಳು ‘ಪೊಲೀಸಮ್ಮ’. ನಾನು ‘ಪೊಲೀಸಮ್ಮನ ಮನೆಯ ಟೈಲರು’.

ಅವಳೇನು ಕಳ್ಳರನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳ ಬಟ್ಟೆ, ಮೈಮೇಲಿನ ಸ್ಯಾಂಪಲ್ಲು ಎಲ್ಲವನ್ನೂ ಆಸ್ಪತ್ರೆಯಲ್ಲಿ ಡಬ್ಬಿಗೆ ಹಾಕಿ ಮೊಹರು ಒತ್ತುತ್ತಾರೆ. ಆ ಡಬ್ಬಿ ಠಾಣೆಯ ಕಪಾಟಿನಲ್ಲಿ ಧೂಳು ತಿನ್ನದಂತೆ ಪ್ರಯೋಗಾಲಯಕ್ಕೆ ಕಳಿಸಬೇಕು, ಎಲ್ಲಿಗೆ ಬಂತೆಂದು ಬೆನ್ನು ಹತ್ತಬೇಕು, ಆ ಹೆಣ್ಣುಮಗಳಿಗೆ ತಿಳಿಸಬೇಕು; ಇದು ಅವಳ ಕೆಲಸ. ಮೊದಲಿದ್ದವರು ಫೋನ್ ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು. ಒಮ್ಮೆ ಮನೆಯವರು ಯಾರೋ ಫೋನೆತ್ತಿ, ಗುಟ್ಟು ರಟ್ಟಾಗಿ ದೊಡ್ಡ ರಾದ್ಧಾಂತವಾಯಿತು. ಅಂದಿನಿಂದ ಇವಳು ಹೊಸ ಉಪಾಯ ಹೂಡಿದಳು. ಡಬ್ಬಿಯ ಸುದ್ದಿ ಬಂದಾಗಲೆಲ್ಲ ಸಾದಾ ಬಟ್ಟೆ ತೊಟ್ಟು, ಕೊರಳಿಗೆ ಟೇಪು ಹಾಕಿಕೊಂಡು, ಟೈಲರಮ್ಮನಾಗಿ ಹೋಗುವುದು.

ಟೇಪು ಯಾರದು? ನನ್ನದು! ಮನೆಯೆಲ್ಲ ಜಾಲಾಡಿದ ಮೇಲೆ ಅವಳ ಚೀಲದಲ್ಲಿ ಸಿಕ್ಕಿತು. ಗದರಿಸಿದಾಗ ಇಷ್ಟೆಲ್ಲ ಬಾಯಿಬಿಟ್ಟಳು; ಯಾರ ಮನೆಗೆ ಎಂಬುದನ್ನು ಮಾತ್ರ ಜಪ್ಪಯ್ಯ ಅಂದರೂ ಹೇಳಲಿಲ್ಲ. ಪೊಲೀಸೂ ಅವಳೇ, ಈಗ ಟೈಲರೂ ಅವಳೇ. ನೆಟ್ಟಗೆ ಒಂದು ಗುಂಡಿ ಹೊಲಿಯಲು ಬಾರದವಳು!

ಒಂದು ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬರು ಬಾಗಿಲಿಗೆ ಬಂದರು.

“ನನ್ನ ಮಗಳ ಅಳತೆಗೆ ಬರೋ ಟೈಲರಮ್ಮ ಮೊನ್ನೆ ಈ ಮನೆಗೆ ಹೋಗೋದು ನೋಡ್ದೆ. ಎಷ್ಟು ಸಲ ಬಂದ್ರೂ ಒಂದು ಅಂಗಿ ಕೊಟ್ಟಿಲ್ಲ. ಆಕೆ ನಿಜವಾಗ್ಲೂ ಟೈಲರೇನಾ?”

ಅವಳ ಬಣ್ಣ ಬಯಲು ಮಾಡಲು ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

“ತಪ್ಪು ತಿಳ್ಕೋಬೇಡಿ,” ಎಂದರು ಆ ತಾಯಿ. “ಮಗಳು ಕೆಲಸ ಬಿಟ್ಟು ಕೋಣೆ ಸೇರಿದಾಳೆ. ಏನಾಯ್ತು ಅಂದ್ರೆ ನನ್ನ ಹತ್ರಾನೂ ಮಾತಿಲ್ಲ. ಆಕೆ ಬಂದುಹೋದ ದಿನ ಮಾತ್ರ ಹೊಟ್ಟೆ ತುಂಬ ಊಟ ಮಾಡ್ತಾಳೆ.”

ಹೆತ್ತ ತಾಯಿಗೇ ಗೊತ್ತಿಲ್ಲ! ನಾನು ಬಾಯಿ ಜಾರಿದರೆ ಆ ಹುಡುಗಿಯ ಗತಿಯೇನು?

“ನನ್ನ ಕೈಕೆಳಗೆ ಕೆಲಸ ಕಲೀತಿದಾಳೆ. ಶುದ್ಧ ಸೋಮಾರಿ,” ಎಂದೆ. ಹೊಟ್ಟೆ ಸ್ವಲ್ಪ ತಣ್ಣಗಾಯಿತು. “ಅಂಗಿ ನಾನೇ ಹೊಲಿದು ತಂದ್ಕೊಡ್ತೀನಿ.”

“ನೀವು ಬೇಡ. ಆಕೆ ಕೈಲೇ ಕಳಿಸಿ.”

ಮತ್ತೆ ಉರಿಯಿತು.

ಸಂಜೆ ವಿಷಯ ಕೇಳಿ ವಾರಗಿತ್ತಿಯ ಮುಖ ಬಿಳಿಚಿಕೊಂಡಿತು.

“ನೀವೇನಂದ್ರಿ ಅಕ್ಕಾ?”

“ಸೋಮಾರಿ ಅಂದೆ. ಈಗ ಅಳತೆ ಕೊಡು.”

“ಅಳತೆ ಎಲ್ಲಿಂದ ತರ್ಲಿ? ಯಾರು ಹತ್ರ ಹೋದ್ರೂ ನಡುಗ್ತಾಳೆ. ಬಾಗಿಲ ಪಕ್ಕ ನೆಲದ ಮೇಲೆ ಕೂತು, ಡಬ್ಬಿ ಎಲ್ಲಿದೆ ಅಂತ ಹೇಳಿ ಬರ್ತೀನಿ, ಅಷ್ಟೆ. ಇವತ್ತಿನವರೆಗೂ ಮುಟ್ಟಿಲ್ಲ.”

ಅಂದಾಜಿನ ಮೇಲೆ ಕತ್ತರಿ ಆಡಿಸಿದೆ. ನನ್ನ ಜನ್ಮದಲ್ಲಿ ಅಂಥ ಕೆಟ್ಟ ಅಂಗಿ ಹೊಲಿದಿರಲಿಲ್ಲ. ಹೆಗಲು ಒಂದು ಕಡೆ, ತೋಳು ಒಂದು ಕಡೆ. ಹಾಗೇ ವಾರಗಿತ್ತಿಯ ಕೈಲಿ ಕಳಿಸಿದೆ.

ಕೊನೆಗೂ ಆ ಹುಡುಗಿಯ ಡಬ್ಬಿಯ ವರದಿ ಪ್ರಯೋಗಾಲಯದಿಂದ ಬಂತು. ಪೊಲೀಸರ ಕೈಗೆ ಸಿಕ್ಕಿಬಿದ್ದವನಿಗೂ ಸ್ಯಾಂಪಲ್ಲಿಗೂ ತಾಳೆಯಾಗಿತ್ತು. ತಿಳಿಸಲು ಹೋದ ವಾರಗಿತ್ತಿ ವಾಪಸು ಬಂದವಳೇ ನನ್ನ ಮಷೀನಿನ ಪಕ್ಕ ಕುಸಿದು ಕೂತಳು.

“ನಿಮ್ಮ ಅಂಗೀನೇ ತೊಟ್ಟಿದ್ಲು ಅಕ್ಕಾ. ಸುದ್ದಿ ಪೂರ್ತಿ ಕೇಳಿದ್ಲು. ಆಮೇಲೆ ತಾನಾಗೇ ಹತ್ರ ಬಂದು, ‘ತೋಳು ಸರಿಯಾಗಿಲ್ಲ, ಅಳತೆ ತಗೊಳ್ಳಿ’ ಅಂತ ಕೈ ಚಾಚಿದ್ಲು.”

“ತಗೊಂಡ್ಯಾ?”

“ತಗೊಂಡೆ. ಕಣ್ಣು ತುಂಬಿ, ಎಷ್ಟು ಅಂತ ನೋಡೋಕೇ ಆಗ್ಲಿಲ್ಲ.”

ಹೊಲಿದವಳು ನಾನು. ಆ ಹುಡುಗಿ ಕೈ ಚಾಚಿದ್ದು ಇವಳಿಗೆ. ಇನ್ಯಾವುದಕ್ಕೂ ನಾನು ಇವಳ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಟ್ಟಿಲ್ಲ.